ಕೆಸರಲ್ಲಿ ಓಡಿಸಿದ ಎಕ್ಸ್‌ಪಲ್ಸ್‌ಗೆ ಮನೆಯಲ್ಲೇ ಆರೈಕೆ

ಮಲೆನಾಡಿನ ಮಣ್ಣು ರಸ್ತೆಯಲ್ಲಿ ಎರಡು ದಿನ ಓಡಾಡಿ ಬಂದ ಹೀರೋ ಎಕ್ಸ್‌ಪಲ್ಸ್ 200 ಬೈಕನ್ನು ಹಾಗೇ ನಿಲ್ಲಿಸಿ ಮಲಗಬೇಡಿ. ಕೆಸರು ಒಣಗುವ ಮೊದಲೇ ನೀರು ಬಿಡಿ. ಆದರೆ ಪ್ರೆಶರ್ ವಾಷರನ್ನು ವೀಲ್ ಬೇರಿಂಗ್ ಹತ್ತಿರ ಹಿಡಿಯಬೇಡಿ, ಸೀಲ್ ದಾಟಿ ನೀರು ಒಳಗೆ ಹೋದರೆ ಬೇರಿಂಗ್ ಕಥೆ ಮುಗೀತು.

ಚೈನ್‌ಗೆ ಸೀಮೆಎಣ್ಣೆ, ಮೆತ್ತನೆ ಬ್ರಷ್ ಸಾಕು. ಪೆಟ್ರೋಲ್ ಬೇಡ, ಚೈನ್ ಕೊಂಡಿಗಳ ನಡುವಿನ ರಬ್ಬರ್ ಬಳೆ, ಅಂದರೆ ಓ-ರಿಂಗ್ ಹಾಳಾಗುತ್ತದೆ. ಎಂಜಿನ್ ಆಫ್ ಇರಲಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ, ಬೆರಳು ಮುಖ್ಯ ಅಲ್ವಾ? ಒರೆಸಿ ಒಣಗಿದ ಮೇಲೆ 90 ನಂಬರ್ ಗೇರ್ ಆಯಿಲನ್ನು ಒಳಬದಿಗೆ ಹನಿಹನಿಯಾಗಿ ಹಾಕಿ, ಜಾಸ್ತಿಯಾದದ್ದನ್ನು ಒರೆಸಿಬಿಡಿ. ಚೈನ್ ಬಿಗಿ ಮಾಡುವಾಗ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಸಡಿಲ ಬಿಡಲೇಬೇಕು. ನಾನೊಮ್ಮೆ ಚೆನ್ನಾಗಿ ಕಾಣಲಿ ಅಂತ ಸುಮ್ನೆ ಎಳೆದು ಬಿಗಿ ಮಾಡಿದ್ದೆ, ಸಾಮಾನು ಹೇರಿ ಕೂತಾಗ ಸಸ್ಪೆನ್ಷನ್ ಕೆಳಗಿಳಿದು ಚೈನ್ ತಂತಿಯ ಹಾಗೆ ಬಿಗಿದುಕೊಂಡಿತು.

ಮುಂದೆ 21 ಇಂಚು, ಹಿಂದೆ 18 ಇಂಚಿನ ಚಕ್ರ, ಎರಡಕ್ಕೂ ಕಡ್ಡಿಗಳು (ಸ್ಪೋಕ್). ಸಣ್ಣ ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟಿ ಕೇಳಿ. ಬಿಗಿಯಾಗಿದ್ದರೆ 'ಟಿಣ್' ಅನ್ನುತ್ತದೆ, ಸಡಿಲವಾಗಿದ್ದರೆ 'ಟಪ್' ಅಂತ ಸತ್ತ ದನಿ. ಸಡಿಲ ಕಡ್ಡಿಯನ್ನು ಬಿಗಿ ಮಾಡುವಾಗ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ರಿಮ್ ಸೊಟ್ಟ ಆಗುತ್ತದೆ. ಹಲವು ಕಡ್ಡಿ ಸಡಿಲ ಇದ್ದರೆ ಚಕ್ರ ಬಿಚ್ಚಿ ಕಡ್ಡಿ ಕಟ್ಟುವವರ ಹತ್ತಿರ ಒಯ್ಯಿರಿ.

ಮಾಡಿಫಿಕೇಷನ್ ಅಂದರೆ ಎಲ್ಲರೂ ಮೊದಲು ಲೈಟ್ ಹುಡುಕುತ್ತಾರೆ. ಆದರೆ ಹ್ಯಾಂಡಲನ್ನು ಸ್ವಲ್ಪ ಎತ್ತರಿಸುವ ಹ್ಯಾಂಡಲ್ ರೈಸರ್ ಹಾಕುವುದು ನನ್ನ ಆಯ್ಕೆ, ನಿಂತು ಓಡಿಸುವಾಗ ಬೆನ್ನಿಗೆ ಆರಾಮ. ಹಾಕಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕ್ಲಚ್ ಕೇಬಲ್, ಬ್ರೇಕ್ ಹೋಸ್ ಎಲ್ಲೂ ಎಳೆಯುತ್ತಿಲ್ಲ ಅಂತ ನೋಡಿಕೊಂಡೇ ರಸ್ತೆಗೆ ಇಳಿಸಿ.