ಸ್ಕಾಟ್ಲೆಂಡ್ ದ್ವೀಪಗಳಲ್ಲಿ ದೋಣಿ ಸುತ್ತಾಟ: ಮೊದಲು ಲಂಗರು ಹಾಕೋದು ಕಲಿಯಿರಿ

ಮಂಡ್ಯದಲ್ಲಿ ನಾವು ಬೆಳಿಗ್ಗೆ ಪೇಪರ್ ಬಿಚ್ಚಿದ ಕೂಡಲೇ ಹುಡುಕೋದು ಕೆಆರ್‌ಎಸ್ ಮಟ್ಟ. ಗರಿಷ್ಠ 124.80 ಅಡಿ, ಇವತ್ತು ಎಷ್ಟು? ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಅಡಿ ಏರಿದರೇ ಖುಷಿ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಹೆಬ್ರಿಡೀಸ್ ದ್ವೀಪಗಳ ನಡುವೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ಕಡಲು ಆರೇ ಗಂಟೆಯಲ್ಲಿ ಸುಮಾರು 4 ಮೀಟರ್, ಅಂದರೆ 13 ಅಡಿ ಏರುತ್ತದೆ, ಮತ್ತೆ ಅಷ್ಟೇ ಇಳಿಯುತ್ತದೆ. ಅಲ್ಲಿ ಬಾಡಿಗೆ ಹಾಯಿದೋಣಿಯಲ್ಲಿ ಸುತ್ತಬೇಕು ಅಂತಿದ್ದರೆ ಮೊದಲು ತಲೆಗೆ ಹೋಗಬೇಕಾದ್ದು ಇದೇ.

ಮೇ ತಿಂಗಳಲ್ಲಿ ಹೋಗಿ. ಮಳೆ ಕಮ್ಮಿ, ರಾತ್ರಿ ಒಂಬತ್ತೂವರೆಗೂ ಬೆಳಕು, ಮಿಡ್ಜ್ ಅನ್ನೋ ಸಣ್ಣ ನೊಣದ ಕಾಟ ಇನ್ನೂ ಜೋರಾಗಿರುವುದಿಲ್ಲ. ದೋಣಿ ನಡೆಸಿ ಅಭ್ಯಾಸ ಇಲ್ಲದಿದ್ದರೆ ಸ್ಕಿಪ್ಪರ್ ಸಮೇತ ಬಾಡಿಗೆಗೆ ತಗೊಳ್ಳಿ, ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ. ಹುರಿದ ರವೆ ಒಯ್ಯಿರಿ. ತುಪ್ಪ ಬೇಡ, ಇಲ್ಲಿಂದ ಹಾಲಿನ ಪದಾರ್ಥ ಬ್ರಿಟನ್‌ಗೆ ಬಿಡುವುದಿಲ್ಲ.

ನಿಜವಾದ ಕೆಲಸ ಇರೋದು ಸಂಜೆ, ಕೊಲ್ಲಿಯೊಳಗೆ ಲಂಗರು ಹಾಕುವಾಗ. ಗಾಳಿಗೆ ಮರೆ ಇರುವ ಜಾಗ ನೋಡಿ. ಈಗ ಬೀಸುತ್ತಿರುವ ಗಾಳಿಗಲ್ಲ, ರಾತ್ರಿ ಬರಲಿರುವ ಗಾಳಿಗೆ. ತಳ ಮರಳೋ ಕೆಸರೋ ಆಗಿರಲಿ, ಕೆಲ್ಪ್ ಅನ್ನೋ ದಪ್ಪ ಕಡಲಪಾಚಿ ಇದ್ದರೆ ಲಂಗರು ಸರಿಯಾಗಿ ಕಚ್ಚುವುದಿಲ್ಲ. ಆಮೇಲೆ ಲೆಕ್ಕ. ಇಳಿತದಲ್ಲಿ ಆಳ 5 ಮೀಟರ್, ಏರುವ ನೀರು 4, ನೀರಿನಿಂದ ದೋಣಿ ಮೂತಿಗೆ 1, ಒಟ್ಟು 10. ಇದರ ನಾಲ್ಕು ಪಟ್ಟು, 40 ಮೀಟರ್ ಸರಪಳಿ ಬಿಡಿ. ಗಾಳಿ ಜೋರಿದ್ದರೆ ಇನ್ನೂ ಜಾಸ್ತಿ. ನಾನು ಮೊದಲ ದಿನ ಇಳಿತದ ಹೊತ್ತಲ್ಲಿ ಕಂಡ ಆಳವನ್ನೇ ನಂಬಿ 20 ಮೀಟರ್ ಬಿಟ್ಟು, ಉಪ್ಪಿಟ್ಟು ತಿಂದು ಮಲಗಿದವನು, ರಾತ್ರಿ ಎರಡಕ್ಕೆ ಎದ್ದು ನೋಡಿದರೆ ಪಕ್ಕದ ದೋಣಿಯ ದೀಪ ನಮ್ಮ ಕಿಟಕಿಗೇ ಬಂದಿತ್ತು!

ಸರಪಳಿ ಬಿಟ್ಟ ಮೇಲೆ ಇಂಜಿನ್ ರಿವರ್ಸ್‌ಗೆ ಹಾಕಿ ನಿಧಾನವಾಗಿ ಎಳೆಯಿರಿ. ಸರಪಳಿ ಓಡುವಾಗ ಕೈ ಹತ್ತಿರ ತರಬೇಡಿ. ನಿಂತು ಬಿಗಿಯಾದ ಮೇಲೆ ಅಂಗೈ ಇಡಿ. ಸುಮ್ನೆ ಇದ್ದರೆ ಕಚ್ಚಿದೆ. ಗಡಗಡ ನಡುಗಿದರೆ ಲಂಗರು ತಳದಲ್ಲಿ ಜಾರುತ್ತಿದೆ, ಎತ್ತಿ ಮತ್ತೆ ಹಾಕಿ. ಆಮೇಲೆ ದೋಣಿಯ ಪಕ್ಕಕ್ಕೆ ದಡದಲ್ಲಿ ಒಂದರ ಹಿಂದೊಂದು ಕಾಣುವ ಎರಡು ಗುರುತು, ಬಂಡೆ ಮತ್ತು ಅದರ ಹಿಂದಿನ ಮರ ಅಂತಿಟ್ಟುಕೊಳ್ಳಿ, ನೋಡಿಕೊಳ್ಳಿ. ಗಾಳಿಯಾಗಲಿ ನೀರಿನ ಹರಿವಾಗಲಿ ದಿಕ್ಕು ಬದಲಿಸದೆಯೂ ಆ ಸಾಲು ತಪ್ಪಿದ್ದರೆ ದೋಣಿ ಸರಿದಿದೆ ಅಂತಲೇ ಅರ್ಥ. ದೋಣಿ ಸರಿದರೆ ಕೂಗುವ ಮೊಬೈಲ್ ಅಲಾರಂ ಆ್ಯಪ್ ಕೂಡ ಇದೆ, ಇರಲಿ.

ಮಲ್ ದ್ವೀಪದ ಟೋಬರ್ಮರಿಯಲ್ಲಿ ಬಣ್ಣಬಣ್ಣದ ಮನೆಗಳ ಮುಂದೆಯೇ ದೋಣಿ ಕಟ್ಟಬಹುದು, ನೀರು, ದಿನಸಿ ತುಂಬಿಸಿಕೊಳ್ಳಿ. ಅಲ್ಲಿಂದ ಸ್ಟಾಫಾ ದ್ವೀಪಕ್ಕೆ ಹೋದರೆ ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳ ನೆನಪಾಗುತ್ತದೆ, ಆದರೆ ಇಲ್ಲಿನ ಕಂಬಗಳ ನಡುವೆ ಫಿಂಗಲ್ಸ್ ಗುಹೆ ಇದೆ, ಒಳಗೆ ಅಲೆ ಗುಡುಗುತ್ತದೆ. ಕಡಲು ಶಾಂತವಾಗಿದ್ದಾಗ ಹಗಲು ಹೋಗಿ ಬನ್ನಿ, ರಾತ್ರಿ ನಿಲ್ಲುವ ಜಾಗ ಅಲ್ಲ.

ಜುರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವೆ ಕೋರಿವ್ರೆಕನ್ ಅನ್ನೋ ಸುಳಿ ಇದೆ. 1947ರಲ್ಲಿ ಲೇಖಕ ಜಾರ್ಜ್ ಆರ್ವೆಲ್ ಅಲ್ಲಿ ಮುಳುಗಿ ಸಾಯುವುದರಿಂದ ಸ್ವಲ್ಪದರಲ್ಲಿ ಪಾರಾದರು. ನೀರಿನ ಹರಿವು ನಿಲ್ಲುವ ಸ್ವಲ್ಪ ಹೊತ್ತಿನಲ್ಲಿ, ಗಾಳಿ ಇಲ್ಲದ ದಿನ ದಾಟುವವರಿದ್ದಾರೆ. ನೀವು ಮೊದಲ ಸಲ ಅಲ್ವಾ, ಸುತ್ತು ಹಾಕಿಕೊಂಡೇ ಹೋಗಿ.