ಮೂರು ಹನಿಯೂ ಗುಂಪುಗಟ್ಟಿದ ದಿನ

ರಕ್ತದ ಗುಂಪು ನೋಡುವುದು ನಮ್ಮ ಲ್ಯಾಬಿನಲ್ಲಿ ಎರಡು ನಿಮಿಷದ ಕೆಲಸ. ಸ್ಲೈಡಿನ ಮೇಲೆ ಮೂರು ಹನಿ ರಕ್ತ, ಒಂದಕ್ಕೆ ನೀಲಿ ಆಂಟಿ-ಎ, ಇನ್ನೊಂದಕ್ಕೆ ಹಳದಿ ಆಂಟಿ-ಬಿ, ಮೂರನೆಯದಕ್ಕೆ ಬಣ್ಣವಿಲ್ಲದ ಆಂಟಿ-ಡಿ; ಕೆಂಪು ಕಣದ ಮೇಲಿನ ಎ, ಬಿ, ಡಿ ಗುರುತುಗಳನ್ನು ಹಿಡಿಯುವ ಆಂಟಿಬಾಡಿ ಇರುವ ದ್ರವಗಳಿವು. ಕಡ್ಡಿಯಿಂದ ಕಲಸಿ ಸ್ಲೈಡನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಬೇಕು. ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ರವೆ ಚೆಲ್ಲಿದ ಹಾಗೆ ಕಂಡರೆ ಅದೇ ಅಗ್ಲುಟಿನೇಷನ್. ಆಂಟಿ-ಎಯಲ್ಲಿ ಗುಂಪುಗಟ್ಟಿದರೆ ಎ, ಆಂಟಿ-ಬಿಯಲ್ಲಿ ಬಿ, ಎರಡರಲ್ಲೂ ಆದರೆ ಎಬಿ, ಎರಡರಲ್ಲೂ ಇಲ್ಲದಿದ್ದರೆ ಓ; ಆಂಟಿ-ಡಿಯಲ್ಲಿ ಗುಂಪುಗಟ್ಟಿದರೆ ಪಾಸಿಟಿವ್.

ಹೊಸಬರು ಇದನ್ನು 'ಹೆಪ್ಪುಗಟ್ಟಿದೆ' ಅಂತಾರೆ. ಹೆಪ್ಪು ಬೇರೆ, ಅಲ್ಲಿ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ, ಆದರೂ ಅದೇ ರಕ್ತ ಸ್ಲೈಡಿನ ಮೇಲೆ ಅಂಟಿಕೊಳ್ಳುತ್ತದೆ, ಅಲ್ವಾ? ಇಲ್ಲಿ ಕೆಲಸ ಮಾಡುವುದು ಆಂಟಿಬಾಡಿ. ಐಜಿಎಂ ಎಂಬ ಬಗೆಯ ಆಂಟಿಬಾಡಿಗೆ ಹತ್ತು ಹಿಡಿಗಳಿವೆ, ಒಂದು ಹಿಡಿಯಲ್ಲಿ ಒಂದು ಕಣ, ಮತ್ತೊಂದರಲ್ಲಿ ಪಕ್ಕದ ಕಣ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಬೇರೆ ಮಾಡಿದ್ದೂ ಈ ಅಂಟುವಿಕೆಯನ್ನು ನೋಡಿಯೇ.

ಒಂದು ಡಿಸೆಂಬರ್ ಬೆಳಿಗ್ಗೆ, ಎರಡು ವಾರದಿಂದ ಕೆಮ್ಮುತ್ತಿದ್ದ ಹೆಂಗಸೊಬ್ಬರ ರಕ್ತ ಮೂರೂ ಕಡೆ ಗುಂಪುಗಟ್ಟಿತು. ಎಬಿ ಪಾಸಿಟಿವ್ ಅಂತ ಬರೆದುಬಿಟ್ಟೆ. "ನಂದು ಓ ಪಾಸಿಟಿವ್ ಕಣಮ್ಮ, ಹೆರಿಗೆ ಟೈಮಲ್ಲಿ ನೋಡಿದ್ರು" ಅಂದರು ಅವರು. ಅಷ್ಟರಲ್ಲಿ ಕಣಗಳನ್ನು ಎಣಿಸುವ ಯಂತ್ರ ಸೆಲ್ ಕೌಂಟರ್‌ನ ರಿಪೋರ್ಟ್ ಬಂತು: ಕೆಂಪು ಕಣಗಳ ಎಣಿಕೆ ತೀರಾ ಕಡಿಮೆ, ಎಂಸಿಎಚ್‌ಸಿ, ಅಂದರೆ ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅನ್ನುವ ಲೆಕ್ಕ, 50ರ ಹತ್ತಿರ. ಅದು 36 ದಾಟಿದರೇ ಅನುಮಾನ ಬರಬೇಕು. ನನಗೆ ಎದೆ ಧಸಕ್ಕೆಂದಿತು. ರಕ್ತಕ್ಕೆ ಬರೀ ಸಲೈನ್ (ಉಪ್ಪುನೀರು) ಹಾಕಿ ನೋಡಿದೆ, ಅದರಲ್ಲೂ ರವೆ! ಯಾವ ಆಂಟಿ ಹಾಕದಿದ್ದರೂ ಕಣಗಳು ಅಂಟುತ್ತಿವೆ ಅಂದರೆ ಅಂಟಿಸುವುದು ಅವರ ರಕ್ತದಲ್ಲೇ ಇದೆ.

ಟ್ಯೂಬನ್ನು 37 ಡಿಗ್ರಿ ವಾಟರ್ ಬಾತ್‌ನಲ್ಲಿ ಅರ್ಧ ಗಂಟೆ ಇಟ್ಟೆ, ಬೆಚ್ಚಗಿನ ಸಲೈನ್‌ನಲ್ಲಿ ಕಣಗಳನ್ನು ಮೂರು ಸಲ ತೊಳೆದು ಮತ್ತೆ ಪರೀಕ್ಷೆ ಮಾಡಿದೆ. ಎ, ಬಿ ಎರಡೂ ನುಣ್ಣಗೆ, ಡಿ ಒಂದೇ ಗುಂಪುಗಟ್ಟಿತ್ತು. ಓ ಪಾಸಿಟಿವ್. ರಕ್ತವನ್ನು ಬೆಚ್ಚಗೆ ಮಾಡಿ ಸೆಲ್ ಕೌಂಟರ್‌ನಲ್ಲಿ ಮತ್ತೆ ಓಡಿಸಿದ ಮೇಲೆ ಎಣಿಕೆಯೂ ಸರಿಹೋಯಿತು. ಚಳಿಯಲ್ಲಿ ಕಣಗಳನ್ನು ಅಂಟಿಸುವ ಇಂಥ ಆಂಟಿಬಾಡಿಗೆ ಕೋಲ್ಡ್ ಅಗ್ಲುಟಿನಿನ್ ಅಂತಾರೆ, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಆದವರಲ್ಲಿ ಇದು ಕಾಣಿಸುವುದುಂಟು. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ, ರಿಪೋರ್ಟ್ ಹರಿದು ಹೊಸದು ಬರೆದೆ.

ಈಗ ನಾನು ಸ್ಲೈಡಿನಲ್ಲಿ ನಾಲ್ಕನೇ ಹನಿ ಹಾಕದೆ ಓದುವುದಿಲ್ಲ: ರಕ್ತ, ಸಲೈನ್, ಅಷ್ಟೇ. ಅದು ನುಣ್ಣಗಿದ್ದರೆ ಮಾತ್ರ ಉಳಿದ ಮೂರನ್ನು ನಂಬುತ್ತೇನೆ.