ಕೋನಮಾಪಕ ಬದಿಗಿಟ್ಟು ಕೈವಾರ ಹಿಡಿದಾಗ

ಬೀದರ್‌ನಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಮನೆಪಾಠ ಹೇಳುವ ನನಗೆ ಲ್ಯಾಂಗ್ಲಿಯ ಒಗಟಿನ ಮೇಲೆ ಬಹಳ ಅಕ್ಕರೆ. ಇಂಗ್ಲೆಂಡಿನ ಎಡ್ವರ್ಡ್ ಲ್ಯಾಂಗ್ಲಿ 1922ರಲ್ಲಿ ಮುಂದಿಟ್ಟದ್ದು. ಎಬಿಸಿ ಒಂದು ಸಮದ್ವಿಬಾಹು ತ್ರಿಭುಜ. ಮೇಲಿನ 'ಎ' ಕೋನ 20 ಡಿಗ್ರಿ, ಪಾದದ ಕೋನಗಳು 80. ಪಾದಕ್ಕೆ 60 ಡಿಗ್ರಿಯಾಗುವಂತೆ 'ಬಿ'ಯಿಂದ ಎಳೆದ ಗೆರೆ ಎಸಿ ಬಾಹುವನ್ನು 'ಇ'ಯಲ್ಲಿ ಮುಟ್ಟುತ್ತದೆ. 50 ಡಿಗ್ರಿಯಾಗುವಂತೆ 'ಸಿ'ಯಿಂದ ಎಳೆದದ್ದು ಎಬಿ ಬಾಹುವನ್ನು 'ಡಿ'ಯಲ್ಲಿ ಮುಟ್ಟುತ್ತದೆ. ಡಿಇ ಸೇರಿಸಿ. ಬಿಇಡಿ ಕೋನ ಎಷ್ಟು?

180ರಿಂದ ಕಳೆಯುತ್ತ ಹೋದರೆ ಚಿತ್ರದ ಕೋನಗಳೆಲ್ಲ ಚಕಚಕನೆ ತುಂಬುತ್ತವೆ. ಕೊನೆಗೆ ಬಿಇಡಿ ಮತ್ತು ಸಿಡಿಇ ಉಳಿಯುತ್ತವೆ. ಅವುಗಳ ಮೊತ್ತ 110. ಬೇರೆ ತ್ರಿಭುಜ ಹಿಡಿದು ಹೊರಟರೂ ಸುತ್ತಿ ಬಳಸಿ ಮತ್ತೆ ಅದೇ 110. ಕೋನಗಳ ಮೊತ್ತಕ್ಕೆ ಉದ್ದದ ಸುದ್ದಿ ಗೊತ್ತಿಲ್ಲ, ಅದೇ ತೊಡಕು. ಬಾಹುಗಳನ್ನು ಎದುರಿನ ಕೋನಗಳಿಗೆ ಜೋಡಿಸುವ ಸೈನ್ ನಿಯಮ ಹಾಕಿದರೆ ಉತ್ತರವೇನೋ ಬರುತ್ತದೆ, ಆದರೆ ಏಕೆ ಬಂತೆಂದು ತಿಳಿಯುವುದಿಲ್ಲ. ನನಗದು ಹಿಡಿಸದು.

ಹಾಗಾಗಿ ಸಮನಾದ ಉದ್ದಗಳನ್ನು ಹುಡುಕಿದೆ. ಬಿಸಿಡಿ ತ್ರಿಭುಜದಲ್ಲಿ 'ಬಿ' ಕೋನ 80, 'ಸಿ' ಕೋನ 50, ಉಳಿದದ್ದೂ 50. ಅಂದರೆ ಬಿಡಿ, ಬಿಸಿ ಸಮ. ಕೈವಾರದ ಮುಳ್ಳನ್ನು 'ಬಿ'ಯಲ್ಲಿ ಊರಿ, ಬಿಸಿ ತ್ರಿಜ್ಯದಲ್ಲಿ ಕಂಸ ಎಳೆದೆ. ಅದು 'ಡಿ'ಯನ್ನು ಹಾದು ಬರುವುದರ ಜೊತೆಗೆ ಎಸಿ ಬಾಹುವನ್ನು ಹೊಸದೊಂದು ಬಿಂದುವಿನಲ್ಲೂ ಕತ್ತರಿಸಿತು. ಅದನ್ನು 'ಜಿ' ಎನ್ನೋಣ. ಸಹಾಯಕ ರೇಖೆ ಎಲ್ಲಿಂದ ಹೊಳೆಯುತ್ತದೆ ಎಂದು ಮಕ್ಕಳು ಕೇಳುತ್ತಾರಲ್ಲ, ಇಲ್ಲಿಂದ! (ನಮ್ಮೂರಿನ ಬಿದ್ರಿ ಕೆಲಸದವರೂ ಮೈಲುತುತ್ತ ಹಚ್ಚಿ ಕಪ್ಪಾಗಿಸಿದ ಲೋಹದ ಮೇಲೆ ಮೊದಲು ಗೆರೆ ಗೀಚಿಕೊಂಡೇ ಬೆಳ್ಳಿಗೆ ಜಾಗ ಕೊರೆಯುವುದು.)

ಬಿಜಿ, ಬಿಸಿ ಸಮವಾದ್ದರಿಂದ ಜಿಬಿಸಿ ಕೋನ 20. ಹಾಗಾದರೆ ಡಿಬಿಜಿ 60. ಡಿಬಿಜಿ ಸಮಬಾಹು ತ್ರಿಭುಜ. ಇತ್ತ ಜಿಬಿಇ ಕೋನ 40, ಬಿಇಜಿ ಕೋನವೂ 40. ಆದ್ದರಿಂದ ಜಿಇ, ಜಿಬಿ ಸಮ. ಈಗ ಮುಳ್ಳನ್ನು 'ಜಿ'ಗೆ ಸರಿಸಿ ಅದೇ ತ್ರಿಜ್ಯದಲ್ಲಿ ಎಳೆದರೆ ಕಂಸ ಬಿ, ಡಿ, ಇ ಮೂರನ್ನೂ ಹಾಯುತ್ತದೆ. ಕೇಂದ್ರದಲ್ಲಿ ಡಿಜಿಬಿ ಕೋನ 60. ಒಂದೇ ಕಂಸಕ್ಕೆ ಪರಿಧಿಯಲ್ಲಿನ ಕೋನ ಕೇಂದ್ರದ ಕೋನದ ಅರ್ಧ. ಹಾಗಾಗಿ ಪರಿಧಿಯ ಮೇಲಿನ ಬಿಇಡಿ 30 ಡಿಗ್ರಿ. ಹತ್ತನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಪ್ರಮೇಯ ಬೇಕಿಲ್ಲ.

ಇದು ಬಿಡಿಸಿದವರಿಗೆ ನಾನು 50ನ್ನು ಅಳಿಸಿ 70 ಬರೆದು ಕೊಟ್ಟು, ಸಿಡಿಇ ಕೋನ ಕೇಳುತ್ತೇನೆ. ಉತ್ತರ 20. ಅಲ್ಲಿ ಮೊದಲ ಕಂಸ 'ಡಿ'ಯನ್ನು ಮುಟ್ಟುವುದೇ ಇಲ್ಲ. ಮುಳ್ಳು ಊರಲು ಬೇರೆ ಜಾಗ ಹುಡುಕಬೇಕು.